ಹೂಜಿ ಗಿಡದ ಮೂರು ತುಂಡು

ನನ್ನ ಹೆಂಡತಿ ಶಿವದೇವಿ ಗಿಡ ಸಾಕುತ್ತಾಳೆ ಅಂದರೆ ತುಳಸಿ, ಮಲ್ಲಿಗೆ ಅಂದುಕೊಳ್ಳಬೇಡಿ. ಅವಳು ಸಾಕುವುದು ನೊಣ ತಿನ್ನುವ ಹೂಜಿ ಗಿಡ. ಎಲೆಯ ತುದಿಯಿಂದ ದಾರದಂಥ ಎಳೆ ಇಳಿದು, ಅದರ ಕೊನೆಗೆ ಮುಚ್ಚಳವಿರುವ ಹೂಜಿಯೊಂದು ತೂಗುತ್ತದೆ. ಒಳಗೆ ಬಿದ್ದ ನೊಣ, ಇರುವೆ ಅಲ್ಲಿಯೇ ಕರಗಬೇಕು.

ಶಹಾಪುರದ ಕಡೆಯಿಂದ ನಾವು ಹೈದರಾಬಾದಿಗೆ ಬಂದು ಹತ್ತೊಂಬತ್ತು ವರ್ಷವಾಯಿತು. ಮೊದಲ ಆರು ವರ್ಷ ಅವಳು ತಲೆಯ ಮೇಲೆ ಸಿಮೆಂಟು ಹೊತ್ತಳು. ಈಗ ಮಣಿಕೊಂಡದ ಒಂದು ಅಪಾರ್ಟ್‌ಮೆಂಟಿನಲ್ಲಿ ಮೆಟ್ಟಿಲು ಗುಡಿಸಿ ಒರೆಸುತ್ತಾಳೆ. ಸೂಪರ್‌ವೈಸರ್ ಜೊತೆ ತೆಲುಗಿನಲ್ಲಿ ಜಗಳ, ಗಿಡದ ಜೊತೆ ಕನ್ನಡದಲ್ಲಿ ಮಾತು. ಅಲ್ಲಿ ಬಾಡಿಗೆಗಿದ್ದ ಮಂಗಳೂರಿನ ನಿಖಿತಾ ಮನೆ ಖಾಲಿ ಮಾಡುವಾಗ ಕುಂಡವನ್ನು ಇವಳ ಕೈಗಿಟ್ಟಳು. "ಬೋರ್ ನೀರು ಹಾಕಬೇಡಿ ಅಕ್ಕ, ಗೊಬ್ಬರವಂತೂ ಬೇಡವೇ ಬೇಡ" ಎಂದಳಂತೆ. ಅಂದಿನಿಂದ ಇವಳು ಏಸಿ ಪೈಪಿನಿಂದ ತೊಟ್ಟಿಕ್ಕುವ ನೀರಿಗೆ ಡಬ್ಬಿ ಇಡತೊಡಗಿದಳು. ಏಳನೇ ಮಹಡಿಯವರು ಊರಿಗೆ ಹೋಗಿ ಏಸಿ ನಿಂತರೆ ಚಿಂತೆ ನಮ್ಮ ಮನೆಯಲ್ಲಿ.

ಎರಡು ವರ್ಷ ಚೆನ್ನಾಗಿತ್ತು. ಈ ಬೇಸಿಗೆಯಲ್ಲಿ ಬುಡ ಕೊಳೆಯಿತು. ಮೇಲಿನ ಬಳ್ಳಿ ಇನ್ನೂ ಹಸಿರಾಗಿದ್ದಾಗಲೇ ಶಿವದೇವಿ ಹೊಸ ಬ್ಲೇಡು ತಂದು ಅದನ್ನು ಮೂರು ತುಂಡು ಮಾಡಿದಳು. ಎಲೆಗಳನ್ನು ಅರ್ಧಕ್ಕೆ ಕತ್ತರಿಸಿ, ನೆನೆಸಿದ ತೆಂಗಿನ ನಾರು ತುಂಬಿದ ಮೂರು ಕುಂಡಗಳಲ್ಲಿ ಒಂದೊಂದು ತುಂಡು ನೆಟ್ಟು, ಮೇಲೆ ನೀರಿನ ಬಾಟಲಿ ಕೊಯ್ದು ಮುಚ್ಚಿದಳು.

"ಮೂರರಾಗ ಒಂದಾದ್ರೂ ಹಿಡೀಬೇಕು. ಇಲ್ಲಂದ್ರ ಇದರ ವಂಶ ಇಲ್ಲಿಗೇ ಮುಗೀತು."

"ಎಷ್ಟು ದಿನ ಬೇಕು?"

"ಎರಡು ತಿಂಗಳು."

"ಎರಡು ತಿಂಗಳದಾಗ ಬಿಲ್ಡಿಂಗಿಗೆ ಎರಡು ಸ್ಲ್ಯಾಬ್ ಬೀಳ್ತಾವ!"

"ಬೀಳಲಿ. ನೀವು ಸುಮ್ಮ ಕುಂದರ್ರಿ."

ಸುಮ್ಮನೆ ಕೂರುವುದು ನನ್ನಿಂದಾಗದ ಕೆಲಸ. ನಾನು ಟೈಲ್ಸ್ ಹಾಕುವವನು. ಹಾಕಿದ ಮೇಲೆ ಒಂದನ್ನು ಎತ್ತಿ, ಅಡಿಯಲ್ಲಿ ಸಿಮೆಂಟು ಪೂರಾ ಹಿಡಿದಿದೆಯೋ ಇಲ್ಲವೋ ನೋಡುತ್ತೇವೆ. ತಿಂಗಳು ಕಳೆಯಿತು. ಅವಳು ಕೆಲಸಕ್ಕೆ ಹೋದಾಗ ಬಾಟಲಿ ತೆಗೆದು ಮೊದಲನೇ ತುಂಡನ್ನು ಎತ್ತಿ ನೋಡಿದೆ. ಬುಡದಲ್ಲಿ ಕೂದಲಿನಂಥ ಕಪ್ಪು ಎಳೆಗಳು. ಕೊಳೆ ಅಂದುಕೊಂಡು ಹಸಿ ಬಟ್ಟೆಯಿಂದ ಒರೆಸಿ, ಇದ್ದಲ್ಲಿಯೇ ಇಟ್ಟೆ. ನಾಲ್ಕು ದಿನ ಬಿಟ್ಟು ಎರಡನೆಯದನ್ನೂ ಹಾಗೆಯೇ ಮಾಡಿದೆ.

ಎರಡೂ ಕರ್ರಗಾದವು. ಶಿವದೇವಿ ಬಾಟಲಿ ತೊಳೆದಳು, ನೀರಿನ ಡಬ್ಬಿ ಬದಲಿಸಿದಳು, ಕೊನೆಗೆ ಊಟ ಬಿಟ್ಟಳು. ಆ ಭಾನುವಾರ ಮೂರನೆಯದನ್ನೂ ಕುಂಡ ಸಮೇತ ಎತ್ತಿಕೊಂಡು ಕಸದ ಬುಟ್ಟಿಯ ಕಡೆ ನಡೆದಳು.

"ಇದೂ ಹೋಗತೈತಿ. ನನ್ನ ಕೈಗುಣಾನೇ ಸರಿ ಇಲ್ಲ."

ನನಗೆ ತಡೆಯಲಾಗಲಿಲ್ಲ. ತಪ್ಪು ಒಪ್ಪಿಕೊಳ್ಳುವಾಗಲೂ ನನ್ನ ಬಾಯಿಂದ ಬರುವುದು ಬೈಗುಳದ ದನಿಯೇ.

"ನಿನ್ನ ಕೈ ಅಲ್ಲ ಮಾರಾಯ್ತಿ, ನಂದು! ನಾ ಎತ್ತಿ ನೋಡೀನಿ. ಕೊಳತಿತ್ತು, ಒರಸಿ ಇಟ್ಟೀನಿ. ಈಗೇನು?"

"ಕೊಳತಿತ್ತಾ? ಹೆಂಗಿತ್ತು?"

"ಕರೇದು. ಕೂದಲಿನಂಗ."

ಅವಳು ನನ್ನನ್ನೇ ನೋಡಿದಳು. "ಈ ಗಿಡದ ಬೇರೇ ಕರೇವು ಇರ್ತಾವ್ರಿ. ಕುಂಡ ಬದಲಿಸುವಾಗ ನಾ ಕಂಡೀನಲ್ಲ. ಹಿಡಿದಿತ್ತು ಅದು! ಬೇರು ಒರಸಿ ಒಗದೀರಿ ನೀವು."

ಆಮೇಲೆ ಮೆಲ್ಲಗೆ, "ಮೂರನೇದು?" ಎಂದಳು.

"ಮುಟ್ಟಿಲ್ಲ. ಇವತ್ತು ನೋಡಬೇಕಂತಿದ್ದೆ."

ಅವಳು ಕುಂಡವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಟಳು. ಎರಡು ಗಲ್ಲಿ ಆಚೆ, ಇವಳ ಜೊತೆ ಕೆಲಸ ಮಾಡುವ ಬಸಲಿಂಗಮ್ಮನ ಖೋಲಿಯಲ್ಲಿ ಇಟ್ಟು ಬಂದಳು.

ಮೂರನೇ ದಿನಕ್ಕೆ ನಾನು ಅಲ್ಲಿಗೆ ಹೋದೆ. ಬಸಲಿಂಗಮ್ಮ ಬಾಗಿಲಿಗೆ ಅಡ್ಡ ನಿಂತಳು. "ಅಣ್ಣಾರ, ಚಾ ಕುಡೀರಿ. ಹೊರಗೇ ಕುಂತು ಕುಡೀರಿ. ಒಳಗ ಬಿಡಬ್ಯಾಡ ಅಂತ ಅಕ್ಕ ಹೇಳ್ಯಾಳ."

"ನಾ ಏನು ಕಳ್ಳ ಏನು?"

"ಕಳ್ಳ ಆದ್ರ ಒಯ್ತಾನ. ನೀವು ಎಳದು ನೋಡ್ತೀರಿ!"

ಸಿಟ್ಟು ನೆತ್ತಿಗೇರಿತು, ಚಹಾ ಬಿಟ್ಟು ಬಂದೆ. ಆ ವಾರವೆಲ್ಲ ಸೈಟಿನಲ್ಲಿ ಎಲ್ಲರ ಮೇಲೂ ಹರಿಹಾಯ್ದೆ. ದಿನಾ ಸಂಜೆ ಶಿವದೇವಿಯ ಮುಖ ನೋಡುವುದು, ಅವಳು ತಲೆ ಎತ್ತದೆ ರೊಟ್ಟಿ ಬಡಿಯುವುದು.

ಮಳೆ ಹಿಡಿದು ಹದಿನೈದು ದಿನವಾದ ಮೇಲೆ ಒಂದು ಸಂಜೆ ತಾನಾಗಿಯೇ ಹೇಳಿದಳು. "ಎಲಿ ಬಂದೈತಿ. ಹೊಸಾದು."

"ಬೇರು?"

"ಎಲಿ ಬಂದ ಮ್ಯಾಲೂ ಬೇರು ಕೇಳ್ತೀರಲ್ಲ!"

"ಮನಿಗೆ ಯಾವಾಗ ತರ್ತೀ?"

ಅವಳು ನನ್ನ ಕೈಗಳ ಕಡೆ ನೋಡಿದಳು.

"ಹೂಜಿ ಬಿಡಲಿ, ನೋಡೂಣು."