ಕಾಗದ ಎಣ್ಣೆ ಕುಡಿಯುವ ತನಕ

ಬೆಳಗಿನ ಜಾವ. ತಗಡಿನ ಶೆಡ್ಡಿನೊಳಗೆ ಪಂಪೊಂದೇ ಗೊರಗುಟ್ಟುತ್ತಿದೆ. ಆಳೆತ್ತರದ ಉಕ್ಕಿನ ತೊಟ್ಟಿಯ ಗಾಜಿನ ಕಿಂಡಿಗೆ ಹಣೆ ಆನಿಸಿ, ಟಾರ್ಚು ಬಿಟ್ಟುಕೊಂಡು ನಿಂತಿದ್ದಾರೆ ಎಣ್ಣೆಯಕ್ಕ. ಒಳಗೆ ಟ್ರಾನ್ಸ್‌ಫಾರ್ಮರಿನ ಸುರುಳಿಗಳು ಬೆಚ್ಚನೆಯ ಎಣ್ಣೆಯಲ್ಲಿ ಮುಳುಗುತ್ತಿವೆ. ತಂತಿಗೆ ಸುತ್ತಿದ ಕಾಗದದ ಸಂದಿಗೊಂದಿಗಳಿಂದ ಗುಳ್ಳೆಗಳು ಏಳುತ್ತಿವೆ.

"ಇನ್ನೂ ಕುಡೀತಾ ಇದೆ," ಎನ್ನುತ್ತಾರೆ ಕಣ್ಣು ಕೀಳದೆ. "ಹಸುಗೂಸಿಗೆ ಹಾಲು ಕುಡಿಸಿದ ಹಾಗೆ ಇದು. ಅವಸರ ಮಾಡಿದ್ರೆ ಕಕ್ಕುತ್ತೆ."

ಸುಟ್ಟ ಟ್ರಾನ್ಸ್‌ಫಾರ್ಮರುಗಳನ್ನು ರಿಪೇರಿ ಮಾಡುವ ಈ ಶೆಡ್ಡಿಗೆ ಅವರು ಬಂದದ್ದು ಮದುವೆಯಾದ ಹೊಸತರಲ್ಲಿ, ಕಸ ಗುಡಿಸಲು. ಆಮೇಲೆ ತಂತಿಗೆ ಕಾಗದ ಸುತ್ತಿದರು. ಈಗ ತೊಟ್ಟಿ ಪೂರ್ತಿ ಅವರದೇ ಸುಪರ್ದಿ. ಸುರುಳಿಗಳನ್ನು ಕಾದ ಕೋಣೆಯಲ್ಲಿ ಒಣಗಿಸಿ, ತೊಟ್ಟಿಗಿಳಿಸಿ, ಗಾಳಿಯನ್ನೆಲ್ಲ ಎಳೆದು, ಎಣ್ಣೆಯನ್ನು ಅಡಿಯಿಂದ ಸಣ್ಣಗೆ ಬಿಡಬೇಕು. ಗುಳ್ಳೆ ನಿಂತ ಮೇಲೂ ಒಂದು ಹಗಲು, ಒಂದು ರಾತ್ರಿ ನೆನೆಯಲು ಬಿಡಬೇಕು. ಕಾಗದದೊಳಗೆ ಗಾಳಿ ಉಳಿದರೆ ಕರೆಂಟು ಹರಿದಾಗ ಅಲ್ಲೇ ಕಿಡಿ ಹುಟ್ಟುತ್ತದೆ. ಪಟ್ಟ ಪಾಡೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ತಿಂಗಳಿಗೆ ಏಳೆಂಟು ಟ್ರಾನ್ಸ್‌ಫಾರ್ಮರುಗಳು ಇಲ್ಲಿಂದ ಎದ್ದು ಹೋಗುತ್ತವೆ. ಎಣ್ಣೆಯ ವಾಸನೆ ಮಾತ್ರ ಅವರ ಕೂದಲಲ್ಲಿ, ಉಗುರಲ್ಲಿ ಉಳಿಯುತ್ತದೆ. ಟೈಲರ್ ಗಂಡ ಹೊಲಿಯಲು ಬಂದ ಬಟ್ಟೆಯನ್ನು ಮುಟ್ಟಗೊಡುವುದಿಲ್ಲ. "ಗಿರಾಕಿಗಳು ನನ್ನ ಗಾಣದವನು ಅಂದ್ಕೋತಾರೆ ಮಾರಾಯ್ತಿ," ಎಂದು ರೇಗಿಸುತ್ತಿದ್ದರು. ಆ ಮನೆಯಲ್ಲಿ ಈಗ ತಮಾಷೆ ನಿಂತಿದೆ.

ಹೋದ ಚಳಿಗಾಲದಲ್ಲಿ ಅವರದೇ ಬೀದಿಯ ಟ್ರಾನ್ಸ್‌ಫಾರ್ಮರ್ ಸುಟ್ಟು ಇದೇ ತೊಟ್ಟಿಗೆ ಬಂತು. ಅವರ ಮೇಲಿನ ಮನೆಯ ಅಜ್ಜಿ ಉಸಿರಾಡುತ್ತಿದ್ದದ್ದು ಕರೆಂಟಿನ ಆಕ್ಸಿಜನ್ ಯಂತ್ರದಿಂದ. ಆಸ್ಪತ್ರೆಯಲ್ಲಿ ಹಾಸಿಗೆ ಸಿಗದೆ ಮಗಳು ಬಾಡಿಗೆ ಸಿಲಿಂಡರ್ ತಂದಿದ್ದಳು. ಅದೂ ಮುಗಿಯುತ್ತ ಬಂದ ಸಂಜೆ ಶೆಡ್ಡಿಗೇ ಓಡಿಬಂದಳು.

"ಅಕ್ಕಾ, ನಿಮ್ಮ ಕಾಲಿಗೆ ಬೀಳ್ತೀನಿ, ಇವತ್ತೇ ಕಳಿಸಿ. ಇನ್ನೊಂದು ರಾತ್ರಿ ನಮ್ಮಮ್ಮ ತಡ್ಕೊಳ್ಳಲ್ಲ."

ಗುಳ್ಳೆ ಆಗಲೇ ನಿಂತಿತ್ತು. ನೆನೆಯುವ ರಾತ್ರಿ ಬಾಕಿ ಇತ್ತು. "ನೀನು ಹೂಂ ಅನ್ನು, ಲಾರಿ ಹೊರಡುತ್ತೆ," ಎಂದು ಶೆಡ್ಡಿನ ಯಜಮಾನರು ಕೈತೊಳೆದುಕೊಂಡರು. ಹಿಂದೊಮ್ಮೆ ಬೇರೆ ಬೀದಿಯವರ ಒತ್ತಾಯಕ್ಕೆ ಮಣಿದು ಬೇಗ ಕಳಿಸಿದ್ದು ಕಂಬ ಹತ್ತಿದ ದಿನವೇ ಸಿಡಿದು, ಅಲ್ಲಿ ವಾರಗಟ್ಟಲೆ ಕತ್ತಲಾಗಿತ್ತು. ಎಣ್ಣೆಯಕ್ಕ ತುಂಬ ಹೊತ್ತು ಕಿಂಡಿಯಲ್ಲಿ ನೋಡಿದರು.

"ಆಗಲ್ಲ ಕಣಮ್ಮ. ಆಸ್ಪತ್ರೆ ವರಾಂಡದಲ್ಲಾದ್ರೂ ಮಲಗ್ಸೋಣ ನಡಿ, ನಾನೂ ಬರ್ತೀನಿ."

ಮಗಳು ಕೈ ಕೊಡವಿಕೊಂಡು ಹೋದಳು. ಆ ರಾತ್ರಿ ಅಕ್ಕಪಕ್ಕದವರು ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ ಕತ್ತಲಲ್ಲೇ ಕೆಳಗಿಳಿಸಿದರು. ಮೆಟ್ಟಿಲ ತಿರುವಿನಲ್ಲೇ ಜೀವ ಹೋಯಿತು. ಮರುದಿನ ಸಂಜೆ ಬೀದಿಗೆ ದೀಪ ಬಂತು. ಆ ಟ್ರಾನ್ಸ್‌ಫಾರ್ಮರ್ ಇವತ್ತಿನವರೆಗೆ ಒಮ್ಮೆಯೂ ಕೆಟ್ಟಿಲ್ಲ.

ಕರೆಂಟು ಇದ್ದಾಗ ಯಾರನ್ನೂ ನೆನೆಯದ ನಾವು, ಹೋದಾಗ ಬೈಯುವುದರಲ್ಲಿ ಮಾತ್ರ ನಿಸ್ಸೀಮರು. ನಲ್ಲಿಯ ಬಳಿ ಎಣ್ಣೆಯಕ್ಕ ಕೊಡ ಇಟ್ಟರೆ ಹೆಂಗಸರ ಮಾತು ನಿಲ್ಲುತ್ತದೆ. ಕಾಗದಕ್ಕೆ ಕೊಟ್ಟ ಬೆಲೆ ಮನುಷ್ಯರಿಗೆ ಕೊಡಲಿಲ್ಲ ಎಂಬ ಮಾತೂ ಅವರ ಕಿವಿಗೆ ಬಿದ್ದಿದೆ. ಅನ್ಯಾಯದ ಮಾತು ಅದು. ಆದರೆ ಎಣ್ಣೆಯಕ್ಕ ಅದನ್ನು ಅನ್ಯಾಯ ಎನ್ನುವುದಿಲ್ಲ.

"ಆ ಸಂಜೆ ಕಳಿಸಿದ್ರೆ ತಡ್ಕೊಳ್ತಿತ್ತೇನೋ, ಸಿಡೀತಿತ್ತೇನೋ. ಒಳಗಿನ ಕಾಗದ ಬಾಯಿಬಿಟ್ಟು ಹೇಳುತ್ತಾ? ರಾತ್ರಿ ಇದೇ ಯೋಚನೆ, ನಿದ್ದೆ ಹತ್ತಲ್ಲ. ನಾಳೆ ಇನ್ನೊಬ್ರು ಬಂದು ಅತ್ರೂ ನಾನು ಆಗಲ್ಲ ಅಂತಾನೇ ಅನ್ನೋದು. ಅದೇ ನನ್ನ ಸಂಕಟ."

ಹೊರಗೆ ಬೆಳಕು ಹರಿದಿದೆ. ಚಿಂದಿ ಬಟ್ಟೆಗೆ ಕೈ ಒರೆಸಿಕೊಳ್ಳುತ್ತ ಕೂರುತ್ತಾರೆ. ಏನಾದರೂ ಆಸೆ ಉಂಟೇ ಎಂದು ಕೇಳಿದರೆ, ಟಾರ್ಚು ಆರಿಸಿ ಪಕ್ಕಕ್ಕಿಡುತ್ತಾರೆ.

"ಅಜ್ಜಿ ಮಗಳು ದಿನಾ ನಮ್ಮ ಬಾಗಿಲ ಮುಂದೇನೇ ಇಳಿದು ಹೋಗ್ತಾಳೆ, ತಲೆ ಎತ್ತಲ್ಲ. ಒಂದಿನ ನಿಂತ್ಕೊಂಡು ಬಾಯಿಗೆ ಬಂದ ಹಾಗೆ ಬೈಲಿ. ನಾನು ಎದುರಾಡಲ್ಲ."