ಎಮ್ಮೆಬಂಡೆ ಮುಳುಗುವಷ್ಟು ನೀರು

೧೯೬೭ನೇ ಇಸವಿ. ಆಗ ನಾನು ಸಾಗರ ತಾಲ್ಲೂಕಿನ ಒಂದು ಅಣೆಕಟ್ಟಿನಲ್ಲಿ ಓವರ್‌ಸಿಯರ್. ವಯಸ್ಸು ಇಪ್ಪತ್ತೈದು, ಕೆಲಸಕ್ಕೆ ಸೇರಿ ಹದಿನಾಲ್ಕು ತಿಂಗಳು. ಅಣೆಕಟ್ಟಿನ ಹೆಸರು ಬರೆಯುವುದಿಲ್ಲ. ತಪ್ಪು ನನ್ನದು, ಕಟ್ಟೆಯದ್ದಲ್ಲ.

ನಮ್ಮ ಊರು ತೀರ್ಥಹಳ್ಳಿ, ಅಪ್ಪ ಮೇಷ್ಟರು. ಈಜು ಕಲಿತದ್ದು ತುಂಗೆಯಲ್ಲಿ. ಹಾಗಾಗಿ ಹೊಳೆಯ ವಿಷಯ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ಜಂಬ ಬೇಕಾದಷ್ಟಿತ್ತು. ಮೀನಿಗೆ ಪುರಿ ಹಾಕಿ ಗೊತ್ತಿತ್ತೇ ಹೊರತು ಹಿಡಿದು ಗೊತ್ತಿರಲಿಲ್ಲ. ಮೀನುಬೇಟೆಯ ಗಂಧಗಾಳಿ ಇಲ್ಲದವನಿಗೆ ಹೊಳೆಯ ಅರ್ಧ ಸಂಗತಿ ತಿಳಿದಿರುವುದಿಲ್ಲ ಎಂದು ಯಾರಾದರೂ ಹೇಳಿದ್ದರೆ ಅವತ್ತು ಜಗಳಕ್ಕೇ ಹೋಗುತ್ತಿದ್ದೆನೇನೋ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಈಗಲೂ ಅಲ್ಲೇ ಇದೆ, ಸ್ವಲ್ಪ ಮೆತ್ತಗಾಗಿದೆ ಅಷ್ಟೆ.

ಮಳೆಗಾಲಕ್ಕೆ ಮುಂಚೆ ಕಟ್ಟೆಯ ತಳದಲ್ಲಿರುವ ಸ್ಲೂಯಿಸ್ ಗೇಟನ್ನು, ಅಂದರೆ ಕೆಳಗಿನ ತೂಬಿನ ಕಬ್ಬಿಣದ ಬಾಗಿಲನ್ನು, ಎತ್ತಿ ಇಳಿಸಿ ಪರೀಕ್ಷೆ ಮಾಡುವುದು ರೂಢಿ. ಆ ವರ್ಷ ಮೇ ತಿಂಗಳ ಕೊನೆಯ ಗುರುವಾರ ಎರಡು ಪರೀಕ್ಷೆ ಗೊತ್ತಾಗಿದ್ದವು. ಬೆಳಿಗ್ಗೆ ಎಂಟಕ್ಕೆ ಗೇಟನ್ನು ಸ್ವಲ್ಪವೇ ಎತ್ತಿ ಅರ್ಧ ಗಂಟೆ ನಾನೂರು ಕ್ಯೂಸೆಕ್ಸ್ ಬಿಡುವುದು. ಸೆಕೆಂಡಿಗೆ ಒಂದು ಘನ ಅಡಿ ನೀರು ಹರಿದರೆ ಅದು ಒಂದು ಕ್ಯೂಸೆಕ್. ಆಮೇಲೆ ಗೇಟು ಮುಚ್ಚಿ ತಪಾಸಣೆ. ಮಧ್ಯಾಹ್ನ ಹನ್ನೆರಡೂವರೆಗೆ ಪೂರ್ತಿ ಎತ್ತಿ ಎರಡು ಗಂಟೆ ನಾಲ್ಕು ಸಾವಿರ ಕ್ಯೂಸೆಕ್ಸ್. ನನ್ನ ಜಾಗ ಕಟ್ಟೆಯಿಂದ ಏಳು ಮೈಲಿ ಕೆಳಗಿದ್ದ ಗೇಜ್ ಸ್ಟೇಷನ್. ಹೊಳೆಯಂಚಿನಲ್ಲಿ ಅಡಿ ಅಂಗುಲ ಬರೆದ ಒಂದು ಕಂಬ, ದಡದ ಮೇಲೆ ತಗಡಿನ ಒಂದು ಕೋಣೆ, ಒಳಗೆ ಹಿಡಿಕೆ ತಿರುಗಿಸಿ ಮಾತಾಡುವ ಒಂದು ಫೋನು. ಹೊಳೆಯಲ್ಲಿ ಜನ ಇಲ್ಲ ಎಂದು ನಾನು ಫೋನಿನಲ್ಲಿ ಹೇಳಿದ ಮೇಲೆಯೇ ಕಟ್ಟೆಯಲ್ಲಿ ಗೇಟು ಏಳಬೇಕು.

ಹಿಂದಿನ ದಿನ ಮೂರು ಹಳ್ಳಿಗಳಲ್ಲಿ ತಮಟೆ ಬಾರಿಸಿ ಸಾರಿಸಿದೆ. ಮಾತು ನಾನೇ ಬರೆದುಕೊಟ್ಟದ್ದು: "ಗುರುವಾರ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಹೊಳೆಗೆ ನೀರು ಬಿಡಲಾಗುವುದು. ಸಾರ್ವಜನಿಕರು ಯಾರೂ ಹೊಳೆಗೆ ಇಳಿಯಕೂಡದು." ಕಂಬ ಓದಿ ಬರೆದಿಡುವ ನಮ್ಮ ಗೇಜ್ ರೀಡರ್ ಕನ್ನಪ್ಪ ಅದನ್ನು ಕೇಳಿ ಕಿವಿಯ ಹಿಂದೆ ಕೆರೆದುಕೊಂಡ. ಅವನು ಅಲ್ಲಿಯವನೇ, ಗೇಣಿ ಗದ್ದೆ ಮಾಡುವ ಮನೆಯವನು, ನನಗಿಂತ ಹದಿನೈದು ವರ್ಷ ದೊಡ್ಡವನು.

"ಸಾರ್, ಹಿಂಗೆ ಸಾರಿದ್ರೆ ಜನ ಬರ್ತಾರೆ," ಅಂದ.

"ಬರಬಾರದು ಅಂತಲೇ ಸಾರೋದು ಮಾರಾಯಾ," ಎಂದು ಗದರಿದೆ. ಎಂತಕ್ಕೆ ಬರ್ತಾರೆ ಎಂದು ನಾನು ಒಂದು ಮಾತು ಕೇಳಿದ್ದರೆ ಈ ಕಥೆ ಬರೆಯುವ ಪ್ರಸಂಗ ಇರುತ್ತಿರಲಿಲ್ಲ.

ಆ ಸೀಮೆಯಲ್ಲಿ ಬೇಸಿಗೆಯ ಕೊನೆಗೆ ಹೊಸ ನೀರು ಬಂತೆಂದರೆ ಮೀನು ಬಂತೆಂದೇ ಅರ್ಥ. ಮೊದಲ ಮಳೆಗೆ ಹೊಳೆಯ ಮೀನು ಮೊಟ್ಟೆಯಿಡಲು ನೀರಿಗೆ ಎದುರಾಗಿ ಹಳ್ಳಕ್ಕೆ, ಗದ್ದೆಗೆ ಹತ್ತುತ್ತದೆ. ಅದನ್ನು ಹತ್ತುಮೀನು ಅನ್ನುತ್ತಾರೆ. ವರ್ಷಕ್ಕೊಂದು ಸಲದ ಆ ಸಂಭ್ರಮಕ್ಕೆ ಮನೆಮಂದಿಯೆಲ್ಲ ಕಾಯುತ್ತಿರುತ್ತಾರೆ. ಆಗಲೇ ಎರಡು ಅಡ್ಡಮಳೆ ಬಿದ್ದು ಹೊಳೆ ಕೆಂಪಗಾಗಿತ್ತು. ಅಂಥ ಹೊತ್ತಿನಲ್ಲಿ ನಾನು ತಮಟೆ ಹೊಡೆಸಿ, ದಿನ ಗೊತ್ತುಮಾಡಿ, ಹೊಸ ನೀರು ಬರುತ್ತದೆ ಎಂದು ಊರೂರಿಗೆ ಕರೆ ಕಳಿಸಿದ್ದೆ. ಇಳಿಯಕೂಡದು ಎಂಬ ಬಾಲವನ್ನು ಯಾರು ಕೇಳುತ್ತಾರೆ?

ಬೆಳಗಿನ ನೀರು ಒಂಬತ್ತೂ ಮುಕ್ಕಾಲಿಗೆ ನಮ್ಮಲ್ಲಿಗೆ ಬಂತು. ಕಂಬದಲ್ಲಿ ಮೂರು ಅಡಿ ಇದ್ದದ್ದು ಐದಕ್ಕೆ ಏರಿ, ಹನ್ನೊಂದರ ಹೊತ್ತಿಗೆ ಮತ್ತೆ ಮೂರಕ್ಕೆ ಇಳಿಯಿತು. ಇಳಿದ ನೀರು ಬಂಡೆಗಳ ನಡುವಿನ ಗುಂಡಿಗಳಲ್ಲಿ ಮೀನು ಬಿಟ್ಟು ಹೋಗಿತ್ತು. ಅದು ನನ್ನ ಕಣ್ಣಿಗೆ ಬೀಳಲಿಲ್ಲ. ಕನ್ನಪ್ಪ ಊಟಕ್ಕೆ ಮನೆಗೆ ಹೋದ. ಹನ್ನೆರಡೂಕಾಲಿಗೆ ನಾನು ದಡದ ಮೇಲೆ ನಿಂತು ಮೇಲಿಂದ ಕೆಳಗಿನ ತನಕ ಹೊಳೆ ನೋಡಿದೆ. ಒಂದು ನರಪಿಳ್ಳೆಯೂ ಇರಲಿಲ್ಲ. ಫೋನಿನಲ್ಲಿ "ಹೊಳೆ ಖಾಲಿ ಇದೆ, ಬಿಡಿ" ಎಂದು ಹೇಳಿ ಬುತ್ತಿ ಬಿಚ್ಚಿದೆ.

ಹೊಳೆ ಖಾಲಿ ಇದ್ದದ್ದಕ್ಕೆ ಕಾರಣವನ್ನು ಹನ್ನೆರಡೂ ಮುಕ್ಕಾಲಿಗೆ ಕನ್ನಪ್ಪ ಓಡಿಬಂದು ಹೇಳಿದ. ಊರೆಲ್ಲ ಸೇರಿ ಕೆರೆಯ ಮೀನು ಹಿಡಿಯುವ ಅವರ ಕೆರೆಬೇಟೆಗೆ ಒಂದು ಕಟ್ಟಳೆ ಇದೆ. ಎಲ್ಲ ಊರವರೂ ಸೇರುವ ತನಕ ಒಬ್ಬನೂ ನೀರಿಗೆ ಕಾಲಿಡುವಂತಿಲ್ಲ. ಮೊದಲು ಬಂದವನು ಬಾಚಿಕೊಂಡು ಹೋಗಬಾರದು ಎಂದು. ಅದೇ ಕಟ್ಟಳೆಯಂತೆ ನೂರರಷ್ಟು ಜನ ತಿರುವಿನಾಚೆಯ ಮಾವಿನ ತೋಪಿನಲ್ಲಿ ಮೂರನೆಯ ಊರಿನವರಿಗಾಗಿ ಕಾದು ಕೂತಿದ್ದರು. ಅವರು ಬಂದದ್ದೇ ಎಲ್ಲರೂ ಒಟ್ಟಿಗೆ ಇಳಿದಿದ್ದರು.

"ಸಾರ್, ನೀರು ಬಿಡಬ್ಯಾಡಿ ಅನ್ನಿ. ಜನ ಇಳಿದ್ರು," ಅಂದ ಕನ್ನಪ್ಪ. ಕೈಯಲ್ಲಿದ್ದ ತುತ್ತು ಬಿಟ್ಟು ಫೋನಿನ ಹಿಡಿಕೆ ತಿರುಗಿಸತೊಡಗಿದೆ.

ಕಟ್ಟೆಯವರು ಫೋನಿಗೆ ಸಿಕ್ಕಾಗ ಹನ್ನೆರಡು ಐವತ್ತೈದು. ಗೇಟು ಆಗಲೇ ಪೂರ್ತಿ ಎದ್ದಿತ್ತು. ಮುಚ್ಚಿ ಎಂದು ಕಿರುಚಿದೆ. ಕೈಯಿಂದ ತಿರುಗಿಸಿ ಇಳಿಸಬೇಕು, ಇಪ್ಪತ್ತೈದು ನಿಮಿಷ ಬೇಕು ಎಂದರು. ಅಲ್ಲಿಗೆ ಐವತ್ತು ನಿಮಿಷದ ನೀರು ಹೊಳೆಯಲ್ಲಿರುತ್ತದೆ. ಬಿಟ್ಟ ನೀರನ್ನು ವಾಪಸು ಕರೆಯುವುದಕ್ಕೆ ಯಾವ ಇಂಜಿನಿಯರಿಂಗೂ ಇಲ್ಲ. ಅದು ನಮ್ಮನ್ನು ಮುಟ್ಟಲು ಇನ್ನು ಮುಕ್ಕಾಲು ಗಂಟೆ.

ದಡಕ್ಕೆ ಓಡಿದೆವು. ಹೆಂಗಸರು, ಗಂಡಸರು, ಮುದುಕರು ಎಲ್ಲರ ಕೈಯಲ್ಲೂ ಕೂಣಿ. ಕೂಣಿ ಅಂದರೆ ತಳವಿಲ್ಲದ ಬಿದಿರಿನ ಬುಟ್ಟಿ. ನೀರಿಗೆ ಅದುಮಿ, ಮೇಲಿನ ಬಾಯಿಯಿಂದ ಕೈ ಹಾಕಿ ಒಳಗೆ ಸಿಕ್ಕಿದ ಮೀನು ಹಿಡಿಯುತ್ತಾರೆ. ನಾನು ಗಂಟಲು ಹರಿದುಕೊಂಡೆ: "ನೀರು ಬರ್ತಾ ಇದೆ, ಮೇಲೆ ಬನ್ನಿ."

ಒಬ್ಬ ಹೆಂಗಸು ತಲೆಯೆತ್ತಿ ಪಕ್ಕದವಳಿಗೆ, "ನೀರು ಬರ್ತದಂತೆ ಕಣೆ, ಬೇಗ ಬೇಗ ಹಿಡಿ," ಅಂದಳು. ಪೊಲೀಸರನ್ನು ಕರೆಸುತ್ತೇನೆ ಎಂದು ಹೆದರಿಸಿದೆ. ಬೈದೆ. ಕೈಮುಗಿದೆ. ನನ್ನ ಕೂಗಿನಿಂದ ಅವರ ಕೈ ಇನ್ನಷ್ಟು ಚುರುಕಾಯಿತು ಅಷ್ಟೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಆಗ ನನಗೆ ಅಳು ಬಂದಿತ್ತು.

ಕನ್ನಪ್ಪ ನನ್ನ ತೋಳು ಹಿಡಿದ. "ನೀರು ಬಂತು ಅಂದ್ರೆ ಇವ್ರು ಏಳಲ್ಲ ಸಾರ್. ಮೀನು ಇಲ್ಲಿಲ್ಲ, ಅಲ್ಲಿದೆ ಅನ್ಬೇಕು." ಹಾಗೆಂದವನೇ ಎರಡೂ ಕೈ ಬಾಯಿಗೆ ಹಿಡಿದು ಕೂಗಿದ: "ಕಾನಲ್ಲಿ ಮಳೆ ಆಗಿದೆ. ಮೇಲಿನ ಹಳ್ಳಕ್ಕೆ ಮೀನು ಹತ್ತಾ ಇದೆ. ಬನ್ರೋ." ಕೂಗಿ, ತಾನೇ ಮುಂದಾಗಿ ಕಾಡಿನ ಕಡೆಯ ದಿಬ್ಬ ಹತ್ತಿ ಓಡಿದ. ಅವನು ಓಡದಿದ್ದರೆ ಯಾರೂ ನಂಬುತ್ತಿರಲಿಲ್ಲ. ಐದೇ ನಿಮಿಷ, ನೂರು ಜನ ಕೂಣಿ ಹೊತ್ತು ಅವನ ಹಿಂದೆ ಹೋದರು. ಹಳ್ಳ ಇದ್ದದ್ದು ದಿಬ್ಬದಾಚೆ, ಅರ್ಧ ಮೈಲಿ ದೂರ.

ಹೊಳೆಯ ನಡುವೆ ಒಬ್ಬ ಉಳಿದ. ಕನ್ನಪ್ಪನ ಅಣ್ಣ ತಿಮ್ಮಪ್ಪ. ಐವತ್ತರ ಗಟ್ಟಿ ಆಳು, ಆ ಮೂರು ಊರುಗಳಲ್ಲಿ ಹೊಳೆಯನ್ನು ಅವನಷ್ಟು ಬಲ್ಲವರಿಲ್ಲ ಎಂದು ಹೆಸರು. ದಡದಿಂದ ಇನ್ನೂರು ಅಡಿ ಒಳಗೆ, ಮಲಗಿದ ಎಮ್ಮೆಯ ಬೆನ್ನಿನಂತಿದ್ದ ಒಂದು ಬಂಡೆಯ ಪಕ್ಕದ ಗುಂಡಿಯಲ್ಲಿ ನಿಂತಿದ್ದ.

"ತಿಮ್ಮಪ್ಪ, ನೀನೂ ಬಾ," ಎಂದು ಕೂಗಿದೆ.

"ಆಕಾಶದಲ್ಲಿ ಒಂದು ಮೋಡ ಇಲ್ಲ ಅಯ್ಯಾ. ಹಳ್ಳಕ್ಕೆ ಮೀನು ಎಲ್ಲಿಂದ ಹತ್ತಬೇಕು? ತಮ್ಮ ಬುರುಡೆ ಬಿಡ್ತಾನೆ," ಎಂದು ನಕ್ಕ.

"ಅವನು ಸುಳ್ಳು ಹೇಳಿದ್ದು ಹೌದು. ಆದರೆ ನೀರು ಬರೋದು ನಿಜ."

"ಬೆಳಿಗ್ಗೆ ನೀರಿಗೂ ಹಂಗೇ ಸಾರಿದ್ರಿ. ಮೊಣಕಾಲಿಗೆ ಬಂತು, ಹೋತು."

"ಇದು ಹಂಗಲ್ಲ, ನಾಲ್ಕು ಸಾವಿರ ಕ್ಯೂಸೆಕ್ಸ್."

ಅವನು ಕೂಣಿ ಊರಿ ನೆಟ್ಟಗೆ ನಿಂತು, ಗೇಲಿ ಬಿಟ್ಟು ಕೇಳಿದ: "ಅದು ಎಮ್ಮೆಬಂಡೆಗೆ ಎಷ್ಟು ಬರ್ತದೆ ಅಯ್ಯಾ?"

ನನಗೆ ಗೊತ್ತಿರಲಿಲ್ಲ. ಆ ಬಂಡೆಗೆ ಹೆಸರಿದೆ ಎಂಬುದೇ ಗೊತ್ತಿರಲಿಲ್ಲ. "ಹದಿಮೂರು ಅಡಿ" ಅಂದೆ. "ಎಲ್ಲಿಂದ ಹದಿಮೂರು?" ಅಂದ. ಕಂಬದ ಸೊನ್ನೆಯಿಂದ ಎಂದು ಹೇಳಿದರೆ ಅವನಿಗೇನು ತಿಳಿಯಬೇಕು? ನಾನು ತಡವರಿಸಿದೆ. ಅವನು ಒಂದು ಗಳಿಗೆ ನನ್ನ ಮುಖ ನೋಡಿ, ಇವನಿಗೇ ಗೊತ್ತಿಲ್ಲ ಎಂದು ತೀರ್ಮಾನಿಸಿ, ಮತ್ತೆ ಗುಂಡಿಗೆ ಬಗ್ಗಿದ. ಉತ್ತರ ಬಲ್ಲವನು ಕನ್ನಪ್ಪ ಒಬ್ಬನೇ. ಅವನು ದಿಬ್ಬದಾಚೆ ಇದ್ದ. ನಾನೇ ಹೋಗಿ ಎಳೆದುತರೋಣವೆಂದು ಎರಡು ಸಲ ನೀರಿಗಿಳಿದು, ಪಾಚಿಗೆ ಕಾಲು ಜಾರಿ ಬಿದ್ದು ಎದ್ದೆ.

ಒಂದೂ ಮೂವತ್ತೈದಕ್ಕೆ ಜನ ವಾಪಸು ಬಂದರು, ಕೆಂಡಾಮಂಡಲವಾಗಿ. ಇಬ್ಬರು ಕನ್ನಪ್ಪನ ಅಂಗಿ ಹಿಡಿದಿದ್ದರು. ಅಷ್ಟರಲ್ಲಿ ಮೇಲಿನ ತಿರುವಿನಿಂದ ಸದ್ದು ಕೇಳಿತು. ಅಂಗಿ ಹಿಡಿದವರು ಕೈ ಬಿಟ್ಟರು.

ನೀರು ಗೋಡೆಯಂತೆ ಬರಲಿಲ್ಲ. ಕಾಲುವೆಯ ನೀರಿನಂತೆ, ಅವಸರವಿಲ್ಲದೆ ಏರಿತು. ಮೋಸ ಇದ್ದದ್ದೇ ಅಲ್ಲಿ. ಐದು ಅಡಿಯ ತನಕ ತಿಮ್ಮಪ್ಪ ಮೀನು ಹಿಡಿಯುತ್ತಲೇ ಇದ್ದ. ಒಂದೂ ಐವತ್ತಕ್ಕೆ ಕಂಬ ಎಂಟು ತೋರಿಸಿತು. ಅವನು ಬಂಡೆ ಹತ್ತಿದ. ಅವನ ಎರಡೂ ಪಕ್ಕ ಕಲ್ಲುಗಳ ನಡುವೆ ನೀರು ನುಗ್ಗುತ್ತಿತ್ತು. ಅದರಲ್ಲಿ ಈಜುವುದೆಂದರೆ ತಲೆ ಒಡೆದುಕೊಳ್ಳುವುದು. ನಮ್ಮಲ್ಲಿ ದೋಣಿ ಇರಲಿಲ್ಲ, ಅಷ್ಟುದ್ದದ ಹಗ್ಗವೂ ಇರಲಿಲ್ಲ.

"ಎಷ್ಟು ಅಡಿ ಬರ್ತದೆ ಸಾರ್?" ಎಂದು ಕನ್ನಪ್ಪ ಕೇಳಿದ.

"ಎರಡು ಗಂಟೆ ಬಿಟ್ಟಿದ್ದರೆ ಹದಿಮೂರು. ಐವತ್ತೇ ನಿಮಿಷ ಬಿಟ್ಟಿದ್ದಾರೆ. ಎಷ್ಟು ಬರ್ತದೋ ಗೊತ್ತಿಲ್ಲ."

"ಎಮ್ಮೆಬಂಡೆ ಹನ್ನೆರಡಕ್ಕೆ ಮುಳುಗ್ತದೆ," ಅಂದ.

ನಾನು ಮಾಡಬಹುದಾದದ್ದು ಕಂಬ ಓದುವುದೊಂದೇ. ಎರಡು ಗಂಟೆಗೆ ಹತ್ತು ಅಡಿ. ಎರಡೂಕಾಲಿಗೆ ಹನ್ನೊಂದು. ತಿಮ್ಮಪ್ಪ ಕೂಣಿಯನ್ನು ಬಂಡೆಯ ಬಿರುಕಿಗೆ ಸಿಕ್ಕಿಸಿ ಅದಕ್ಕೆ ಆತು ನಿಂತಿದ್ದ. ಹನ್ನೊಂದೂವರೆ ಅಡಿಗೆ ಅಲೆ ಅವನ ಪಾದ ತೊಳೆಯತೊಡಗಿತು. ಆಗ ಅವನು ಸೊಂಟಕ್ಕೆ ಕಟ್ಟಿದ್ದ ಮೀನಿನ ಬುಟ್ಟಿ ಬಿಚ್ಚಿ ಹೊಳೆಗೆ ಬಿಟ್ಟ. ಅದನ್ನು ನೋಡಿದ ಕನ್ನಪ್ಪ ಕುಸಿದು ಕೂತ. "ಅಣ್ಣ ಮೀನು ಬಿಟ್ಟ ಸಾರ್," ಅಂದ. ಅವನ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಎರಡೂ ಮೂವತ್ತೈದಕ್ಕೆ ಹನ್ನೊಂದು ಅಡಿ ಹತ್ತು ಅಂಗುಲ. ಎರಡೂ ನಲವತ್ತಕ್ಕೆ ಹತ್ತು ಅಂಗುಲ. ಎರಡೂ ನಲವತ್ತೈದಕ್ಕೂ ಹತ್ತೇ. ನನ್ನ ಕಣ್ಣನ್ನೇ ನಂಬದೆ, ನೀರಿನಂಚಿಗೆ ಇಳಿದು ಬಗ್ಗಿ ಕಂಬವನ್ನು ಮತ್ತೊಮ್ಮೆ ಓದಿದೆ. ಎರಡೂ ಐವತ್ತೈದಕ್ಕೆ ಒಂಬತ್ತು ಅಂಗುಲ. "ಇಳೀತು ಕನ್ನಪ್ಪ," ಎಂದು ಅಲ್ಲಿಂದಲೇ ಕೂಗಿದೆ.

ನಡೆದು ಬರುವಷ್ಟು ನೀರು ತಗ್ಗಿದ್ದು ಸಂಜೆ ಐದಕ್ಕೆ. ತಿಮ್ಮಪ್ಪ ದಡಕ್ಕೆ ಬಂದವನೇ ತಮ್ಮನ ಹೆಗಲ ಮೇಲೆ ಕೈಯಿಟ್ಟು, "ಮೀನಿನ ಮೇಲೆ ಸುಳ್ಳು ಹೇಳಿದ್ಯಲ್ಲೋ, ಪಾಪಿ," ಅಂದ. ಕನ್ನಪ್ಪ ಅಣ್ಣನನ್ನು ತಬ್ಬಿಕೊಂಡು ಗೋಳೋ ಎಂದು ಅತ್ತ. ನಾನು ಮುಂದೆ ಹೋಗಿ ತಪ್ಪಾಯಿತು ಎಂದೆ. ತಿಮ್ಮಪ್ಪ ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ನನಗೆ ಹಗುರವಾಗುತ್ತಿತ್ತು. "ನಾನು ಕೇಳ್ದೆ ಅಯ್ಯಾ. ನೀವು ಹೇಳ್ಲಿಲ್ಲ," ಅಂದ, ಅಷ್ಟೆ.

ವರದಿಯಲ್ಲಿ ನಡೆದದ್ದನ್ನು ನಡೆದಂತೆ ಬರೆದೆ. ಎಚ್ಚರಿಕೆಯ ಕಾಗದ ಬಂತು, ಒಂದು ಇನ್‌ಕ್ರಿಮೆಂಟ್ ತಡೆಹಿಡಿದರು, ಆಗಬೇಕಾದದ್ದೇ. ಮುಂದಿನ ವಾರ ತಿಮ್ಮಪ್ಪನನ್ನು ಕೇಳಿಕೊಂಡು, ಅವನ ಜೊತೆ ಎರಡು ದಿನ ಹೊಳೆಯಂಚಿನಲ್ಲಿ ನಡೆದೆ. ಅವನು ಹೆಸರು ಹೇಳಿದ ಹನ್ನೊಂದು ಬಂಡೆಗಳನ್ನು ಲೆವೆಲ್ ಎಂಬ ಎತ್ತರ ನೋಡುವ ಉಪಕರಣದಿಂದ ಅಳೆದು, ಯಾವುದು ಎಷ್ಟು ಅಡಿಗೆ ಮುಳುಗುತ್ತದೆ ಎಂದು ಪಟ್ಟಿ ಮಾಡಿದೆ. ಮುಂದಿನ ಬೇಸಿಗೆಯ ಪರೀಕ್ಷೆಗೆ ತಮಟೆಯವನು ಸಾರಿದ ಮಾತು ಹೀಗಿತ್ತು: "ಬೆಳಿಗ್ಗೆ ಮೊಣಕಾಲು ನೀರು. ಮಧ್ಯಾಹ್ನ ಎಮ್ಮೆಬಂಡೆ ಮುಳುಗುವಷ್ಟು ನೀರು." ಬೆಳಿಗ್ಗೆಯ ನೀರು ಇಳಿದ ಮೇಲೆ ಜನ ಬಂದರು, ಮೀನು ಹಿಡಿದರು, ಹನ್ನೊಂದೂವರೆಗೆ ತಾವಾಗಿಯೇ ಮೇಲೆ ಹತ್ತಿದರು. ಗದರುವುದಕ್ಕೆ ನನಗೆ ಯಾರೂ ಸಿಗಲಿಲ್ಲ.

ಆಮೇಲೆ ಇಪ್ಪತ್ತೊಂಬತ್ತು ವರ್ಷ ಬೇರೆ ಬೇರೆ ಹೊಳೆಗಳ ಮೇಲೆ ಕೆಲಸ ಮಾಡಿದೆ, ನೂರಾರು ಎಚ್ಚರಿಕೆಗಳಿಗೆ ಸಹಿ ಹಾಕಿದೆ. ಹೆದರುವವನಿಗಾಗಿ ಎಚ್ಚರಿಕೆ ಬರೆಯುವುದು ಸುಲಭ, ಅವನು ಹೇಗೂ ಓಡುತ್ತಾನೆ. ಅಪಾಯದಲ್ಲಿ ಉಳಿಯುವವನು ಹೊಳೆ ಬಲ್ಲವನು. ಪ್ರತಿ ಕಾಗದವನ್ನೂ ಸಹಿಗೆ ಮುಂಚೆ ಒಮ್ಮೆ ಓದಿ, ನೀರಿನಲ್ಲಿ ನಿಂತವನು ಒಂದೇ ಒಂದು ಪ್ರಶ್ನೆ ಕೇಳಿದರೆ ಇದರಲ್ಲಿ ಉತ್ತರ ಇದೆಯೇ ಎಂದು ನೋಡುತ್ತಿದ್ದೆ. ಇಲ್ಲದಿದ್ದರೆ ಪೆನ್ನು ಕೆಳಗಿಟ್ಟು, ಉತ್ತರ ಗೊತ್ತಿದ್ದವನನ್ನು ಹುಡುಕಿಕೊಂಡು ಹೋಗುತ್ತಿದ್ದೆ.