ಕುಳ್ಳ ಮೆಟ್ಟಿಲು

ಗೋಡೆಯಾಚೆ ಪ್ರಯೋಗಾಲಯದ ಪಂಪು ಹಗಲಿಡೀ ಗೊರಕೆ ಹೊಡೆಯುತ್ತಿತ್ತು. ಅದರ ಮೇಲೆ ಯಾರದೂ ದೂರಿಲ್ಲ. ದೂರು ಬಂದದ್ದು ಟೈಲರಮ್ಮನ ಹೊಲಿಗೆ ಯಂತ್ರದ ಮೇಲೆ.

ಕಾಲೇಜಿನ ಹಿಂಬದಿಯ ಆ ಒಂಟಿ ಕೋಣೆಯಲ್ಲಿ ಆಕೆ ಇಪ್ಪತ್ತೆರಡು ವರ್ಷಗಳಿಂದ ಹೊಲಿಯುತ್ತಿದ್ದಳು. ಮಂಡಿನೋವು ಶುರುವಾದ ಮೇಲೆ ಮಗ ಯಂತ್ರಕ್ಕೆ ಮೋಟಾರು ಕೂರಿಸಿಕೊಟ್ಟಿದ್ದ. ಸೊಸೆಗೆ ಗೋಡೆಯಾಚೆಯೇ ಕೆಲಸ. ಕೂದಲಿಗಿಂತ ಸಾವಿರ ಪಾಲು ಸಪೂರವಾದ ಅರೆವಾಹಕ ತಂತಿಯಲ್ಲಿ ಕರೆಂಟು ಎಷ್ಟು ಸಲೀಸಾಗಿ ಹರಿಯುತ್ತದೆಂದು ಅಳೆಯುವುದು. ತಂತಿಯೊಳಗಿನ ದಾರಿಯನ್ನು ಅಗಲಿಸುತ್ತ ಹೋದರೆ ಕರೆಂಟು ಇಳಿಜಾರಿನಂತೆ ನುಣ್ಣಗೆ ಏರುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಎಲ್ಲ ಮೆಟ್ಟಿಲೂ ಒಂದೇ ಎತ್ತರ. ಆದರೆ ಇಲ್ಲಿ ಮೊದಲ ಮೆಟ್ಟಿಲಿಗೂ ಮುಂಚೆ ಒಂದು ಕುಳ್ಳ ಮೆಟ್ಟಿಲು ಕರೆಯದೆ ಬಂದು ಕೂತಿತ್ತು.

"ಇದು ನಿಮ್ಮತ್ತೆ ಯಂತ್ರದ ಕಿತಾಪತಿ. ಆ ಮೋಟಾರು ನಮ್ಮ ಅಳತೆ ಕೆಡಿಸ್ತಿದೆ," ಎಂದರು ಸೊಸೆಯ ಪ್ರೊಫೆಸರು.

ಟೈಲರಮ್ಮ ಯಂತ್ರ ನಿಲ್ಲಿಸಿದಳು. ಮೂರು ದಿನವಾದರೂ ಕುಳ್ಳ ಜಾಗ ಬಿಡಲಿಲ್ಲ.

"ಕದ್ದು ಹೊಲೀತಿದಾರೆ. ಸೋಮವಾರದೊಳಗೆ ಕೋಣೆ ಖಾಲಿ ಮಾಡ್ಲಿ!" ಎಂದರು ಪ್ರೊಫೆಸರು.

ಸೊಸೆ ಬಂದು ಹೇಳಿದಾಗ ಟೈಲರಮ್ಮ ತುಟಿಯ ನಡುವಿನ ಸೂಜಿ ತೆಗೆದಳು.

"ಅಳ್ಬೇಡ ಕಣೇ. ನಡಿ, ಚಪ್ಪಲಿ ಹಾಕ್ಕೋ."

"ಅತ್ತೆ, ಜಗಳ ಬೇಡ."

"ಜಗಳ ಯಾರು ಆಡ್ತಾರೆ? ಅಳತೆ ತಗೊಳಕ್ಕೆ ಹೋಗ್ತಿದೀನಿ."

ಪ್ರೊಫೆಸರ ಮೇಜಿನ ಮೇಲೆ ಮೋಟಾರಿನ ವೈರನ್ನು ಸುರುಳಿ ಸುತ್ತಿ ಇಟ್ಟಳು. "ನನ್ನ ತಂತಿ ಇಲ್ಲಿದೆ ಸಾರ್. ಈಗ ನಿಮ್ಮ ತಂತಿ ತೋರಿಸಿ." ಸ್ಟೂಲೆಳೆದು, ಎರಡೂ ಅಂಗೈ ಮೊಣಕಾಲ ಮೇಲೆ ತೆರೆದಿಟ್ಟು ಕೂತಳು.

ಸೊಸೆ ಅಳತೆ ಶುರುಮಾಡಿದಳು. ಪರದೆಯ ಮೇಲೆ ಹಸಿರು ಗೆರೆಯೊಂದು ಕಚ್ಚಾ ಹೊಲಿಗೆಯಂತೆ ಚುಕ್ಕಿಚುಕ್ಕಿಯಾಗಿ ಏರತೊಡಗಿತು. ಗೆರೆ ಏರಿತು, ತಡವರಿಸಿತು, ಮೊದಲ ಮೆಟ್ಟಿಲಿನ ಮುಕ್ಕಾಲಿಗೂ ಒಂಚೂರು ಕೆಳಗೆ ಆರಾಮಾಗಿ ಕುಳಿತುಕೊಂಡಿತು. ಅದೇ ಕುಳ್ಳ.

"ಈಗ ಯಾರು ಹೊಲೀತಿರೋದು ಸಾರ್?"

ಪ್ರೊಫೆಸರು ಕನ್ನಡಕ ಒರೆಸಿಕೊಂಡರು. "ಒಳಗಿರೋ ಎಲೆಕ್ಟ್ರಾನುಗಳೇ ಒಂದನ್ನೊಂದು ತಳ್ಳಾಡ್ತಿರಬಹುದು. ಸರಿಯಾಗಿ ಇನ್ನೂ ಯಾರಿಗೂ ಗೊತ್ತಿಲ್ಲ."

"ನಿಮಗೆ ಗೊತ್ತಿಲ್ಲ ಅಂತ ನಾನ್ಯಾಕೆ ಕೋಣೆ ಬಿಡ್ಲಿ?"

"ಬಿಡ್ಬೇಡಿ ಅಮ್ಮಾ. ನನ್ನದೇ ತಪ್ಪು. ಹೊಲೀರಿ."

ಟೈಲರಮ್ಮ ವೈರು ತೆಗೆದು ಹೆಗಲಿಗೇರಿಸಿಕೊಂಡಳು.

"ಹಾಗಾದ್ರೆ ನಾಳೆ ನಿಮ್ಮ ಪ್ಯಾಂಟು ಕೊಡ್ತೀನಿ. ಮೂರು ದಿನದಿಂದ ಬಿದ್ದಿದೆ ಪಾಪ. ಸೊಂಟದ ಸುತ್ತಳತೆ ಹೋದ ವರ್ಷಕ್ಕಿಂತ ಮುಕ್ಕಾಲಿಂಚು ಮೇಲೇರಿದೆ ಸಾರ್," ಎನ್ನುತ್ತ ಬಾಗಿಲು ದಾಟಿದಳು, "ಅದಕ್ಕೂ ನನ್ನ ಯಂತ್ರಾನೇ ಕಾರಣ ಅಂತ ಮಾತ್ರ ನೀವು ಹೇಳ್ಬೇಡಿ!"